ಬೋನಾಳದ ಹನುಮಂತನ ನೀಲಿ ಪೆಡಲ್

ಕೊರೊನಾ ಮುಗಿದು ಮದುವೆಗಳು ಮತ್ತೆ ಜೋರಾಗಿ ಶುರುವಾದ ಎರಡನೆಯ ವರ್ಷ ಅದು. ನಾನು ಆಗ ಶಹಾಪುರದ ಆರ್ಕೆಸ್ಟ್ರಾ ಒಂದರಲ್ಲಿ ಲೀಡ್ ಗಿಟಾರ್ ವಾದಕ. ಆ ಹುದ್ದೆಯಲ್ಲಿ ನನಗದು ಇಪ್ಪತ್ತಾರನೆಯ ವರ್ಷ. ಹುದ್ದೆ ಎನ್ನುವುದು ಕೊಂಚ ದೊಡ್ಡ ಮಾತಾಯಿತು. ನೇಮಕಾತಿ ಪತ್ರವಿಲ್ಲ, ನಿವೃತ್ತಿಯ ವಯಸ್ಸಿಲ್ಲ. ಮದುವೆ, ಕಾಲೇಜಿನ ವಾರ್ಷಿಕೋತ್ಸವ, ಗಣಪತಿ ಪೆಂಡಾಲು, ಚುನಾವಣೆಯಲ್ಲಿ ಗೆದ್ದವರ ಸನ್ಮಾನ, ಹೀಗೆ ಎಲ್ಲಿ ರಸಮಂಜರಿ ಇಡುತ್ತಾರೋ ಅಲ್ಲಿಗೆ ನಮ್ಮ ಗಾಡಿ ಹೋಗುತ್ತಿತ್ತು. ಯಾದಗಿರಿ, ಶಹಾಪುರ, ಸುರಪುರ ಈ ಮೂರೂ ತಾಲ್ಲೂಕುಗಳಲ್ಲಿ ‘ಗಿಟಾರ್ ಮಲ್ಲಣ್ಣ’ ಎಂದರೆ ಚಾದಂಗಡಿಯವರಿಗೂ ಗೊತ್ತಿತ್ತು. ಹನುಮಂತ ಬರುವವರೆಗೆ ಹಾಗಿತ್ತು.

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನಾನು ಹೇಳಹೊರಟಿರುವುದು ನನ್ನ ಹೊಟ್ಟೆಕಿಚ್ಚಿನ ಕಥೆ. ಗಿಟಾರಿಗೆ ಒಂದು ಕೋರಸ್ ಪೆಡಲ್ ಆರಿಸುವಂಥ ಸಣ್ಣ ಕೆಲಸ, ಬುದ್ಧಿ ನೆಟ್ಟಗಿದ್ದವನಿಗೆ ಒಂದು ಮಧ್ಯಾಹ್ನ ಸಾಕು. ನನಗೆ ಮೂರು ತಿಂಗಳು ಹಿಡಿಯಿತು.

ಹನುಮಂತ ಬೋನಾಳದವನು. ಕುರಿ ಸಾಕಿದ ಮನೆತನ. ನನಗಿಂತ ಹನ್ನೆರಡು ವರ್ಷ ಚಿಕ್ಕವನು. ಸೈದಾಪುರದ ಹತ್ತಿರದ ಕಾರ್ಖಾನೆಯೊಂದರಲ್ಲಿ ಕೆಲವು ವರ್ಷ ದುಡಿದು, ಅಲ್ಲಿ ಜೊತೆಗಿದ್ದ ಕೇರಳದವನೊಬ್ಬನಿಂದ ಗಿಟಾರ್ ಕಲಿತು, ಸುರಪುರಕ್ಕೆ ಬಂದು ತನ್ನದೇ ಆರ್ಕೆಸ್ಟ್ರಾ ಕಟ್ಟಿದ. ಅವನ ಬೆರಳು ನನ್ನಷ್ಟು ಓಡುವುದಿಲ್ಲ. ಇದನ್ನು ಅವನೇ ನಾಲ್ಕು ಜನರ ಮುಂದೆ ಹೇಳುತ್ತಿದ್ದ, ಆ ಮಾತಿಗೂ ನನಗೆ ಮೈ ಉರಿಯುತ್ತಿತ್ತು. ಆದರೆ ಅವನು ಒಂದು ತಂತಿ ಮೀಟಿದರೆ ಅದು ಒಂದೇ ತಂತಿಯ ಹಾಗೆ ಕೇಳುತ್ತಿರಲಿಲ್ಲ. ಅಗಲವಾಗಿ, ತುಂಬಿಕೊಂಡು, ಸ್ವಲ್ಪ ಅಲುಗುತ್ತ ಬರುತ್ತಿತ್ತು. ನನ್ನ ಗಿಟಾರ್ ಅದರ ಮುಂದೆ ಒಣ ಕಡ್ಡಿ.

ಇಷ್ಟೇ ಆಗಿದ್ದರೆ ಹಲ್ಲು ಕಚ್ಚಿಕೊಂಡು ಇರುತ್ತಿದ್ದೆನೋ ಏನೋ. ಆದರೆ ನಮ್ಮ ಗಾಯಕಿ ಶಾಂತಾಬಾಯಿ ಇದ್ದರಲ್ಲ, ಯಾದಗಿರಿಯವರು, ಹದಿನಾಲ್ಕು ವರ್ಷದಿಂದ ನಮ್ಮ ಜೊತೆ ಹಾಡುತ್ತಿದ್ದವರು. ಜನ ನಮ್ಮನ್ನು ಕರೆಸುತ್ತಿದ್ದದ್ದೇ ಅವರ ಹಾಡಿಗಾಗಿ. ಒಂದು ಸಂಜೆ ಕಾರ್ಯಕ್ರಮ ಮುಗಿಸಿ ಬರುವಾಗ ಭೀಮರಾಯನಗುಡಿಯಲ್ಲಿ ಚಹಾಕ್ಕೆ ಗಾಡಿ ನಿಲ್ಲಿಸಿದ್ದೆವು. ಅವರು ಲೋಟ ಕೈಯಲ್ಲಿ ಹಿಡಿದುಕೊಂಡೇ ಮಾತು ತೆಗೆದರು.

"ಮಾಸ್ತರ್ರ, ಬ್ಯಾಸರ ಮಾಡ್ಕೋಬ್ಯಾಡ್ರಿ. ಈ ಸೀಸನ್ ಮುಗದ ಮ್ಯಾಲ ನಾ ಸುರಪುರದ ಹನುಮಂತನ ಪಾರ್ಟಿಗೆ ಹೋಗಬೇಕಂತ ಮಾಡೇನಿ."

"ಯಾಕ ಶಾಂತವ್ವಾ, ನಮ್ಮಲ್ಲಿ ಏನ್ ಕಮ್ಮಿ ಆಗ್ಯಾದ?"

"ಕಮ್ಮಿ ಏನಿಲ್ರಿ. ಒಂದೆರಡು ಸಲ ಅಂವನ ಜೋಡಿ ಹಾಡೇನಿ, ಅಂವ ಬಾರಸಾಕತ್ರ ಹಿಂದಿಂದ ಯಾರೋ ಕೈ ಹಿಡಕೊಂಡಂಗ ಆಗ್ತದ. ನನ್ನ ದನಿ ಬೀಳಂಗಿಲ್ಲ."

ಶಾಂತಾಬಾಯಿಗೆ ಆಗ ನಲವತ್ತೈದು ದಾಟಿತ್ತು. ಮೇಲಿನ ಸ್ವರಗಳಲ್ಲಿ ದನಿ ಸ್ವಲ್ಪ ನಡುಗುತ್ತಿತ್ತು, ಅವರಿಗೂ ಅದರ ಹೆದರಿಕೆ ಇತ್ತು. ಇದೆಲ್ಲ ಇವತ್ತು ಬರೆಯುವಾಗ ಹೊಳೆಯುತ್ತಿದೆ. ಅವತ್ತು ನನ್ನ ಕಿವಿಗೆ ಬಿದ್ದದ್ದು ಹನುಮಂತನ ಹೆಸರು ಮಾತ್ರ. ಅವರು ಹೋದರೆ ನಮ್ಮ ಆರ್ಕೆಸ್ಟ್ರಾ ಬಾಗಿಲು ಮುಚ್ಚಬೇಕು, ಆಮೇಲೆ ನಾನು ಐವತ್ತೆರಡನೆಯ ವಯಸ್ಸಿನಲ್ಲಿ ಮಕ್ಕಳಿಗೆ ಸರಿಗಮ ಹೇಳಿಕೊಡುತ್ತ ಕೂರಬೇಕು. ಹಾಗಾಗಬಾರದು ಎಂದರೆ ಹನುಮಂತನ ಆ ಸದ್ದು ನನ್ನ ಗಿಟಾರಿನಿಂದ ಬರಬೇಕು, ಅವನದಕ್ಕಿಂತ ಒಂದು ಕೈ ಮೇಲೆಯೇ ಬರಬೇಕು ಎಂದು ತೀರ್ಮಾನಿಸಿದೆ.

ಮುಂದಿನ ವಾರ ಸುರಪುರದ ಕಾಲೇಜೊಂದರಲ್ಲಿ ಅವನ ಕಾರ್ಯಕ್ರಮವಿತ್ತು. ಕೊರೊನಾ ಕಾಲದ ಮಾಸ್ಕ್ ಮನೆಯಲ್ಲಿ ಇನ್ನೂ ಬಿದ್ದಿದ್ದವು. ಒಂದನ್ನು ಮುಖಕ್ಕೆ ಕಟ್ಟಿಕೊಂಡು, ಮಗಳ ಗಂಡನ ಟೋಪಿ ಹಾಕಿಕೊಂಡು ಹೋಗಿ, ಮಕ್ಕಳ ನಡುವೆ ಮುಂದಿನ ಸಾಲಿನಲ್ಲಿ ಕುಳಿತೆ. ಅವನ ಕಾಲ ಬಳಿ ಒಂದು ಸಣ್ಣ ನೀಲಿ ಡಬ್ಬಿ ಇತ್ತು. ಹೆಸರು ತಿಕ್ಕಿ ಹೋಗಿತ್ತು. ಮೂರು ಗುಂಡಿಗಳು, ಪ್ರತಿ ಗುಂಡಿಯ ಪಕ್ಕದಲ್ಲೂ, ಎಷ್ಟು ತಿರುಗಿಸಿಡಬೇಕೆಂಬ ಗುರುತಿಗೆ, ಕೆಂಪು ಉಗುರು ಬಣ್ಣದ ಒಂದೊಂದು ಗೆರೆ. ನಾನು ಕುತ್ತಿಗೆ ಉದ್ದ ಮಾಡಿ ಆ ಗೆರೆಗಳನ್ನು ನೋಡುತ್ತಿರುವಾಗ ಹನುಮಂತ ವೇದಿಕೆಯ ಮೇಲಿಂದಲೇ ಯಾರಿಗೋ ಹೇಳಿದ: "ಏ, ಮುಂದ ಮಲ್ಲಣ್ಣ ಮಾಸ್ತರ್ ಕುಂತಾರ ನೋಡು. ಅಣ್ಣಾರಿಗೆ ಚಾ ಕೊಡು."

ಚಹಾ ಬಂತು. ಮಾಸ್ಕ್ ತೆಗೆದು ಕುಡಿಯಬೇಕಾಯಿತು. ಅದರಷ್ಟು ಕಹಿ ಚಹಾ ನಾನು ಕುಡಿದಿಲ್ಲ.

ಓದುಗರಿಗೆ ಕೋರಸ್ ಪೆಡಲ್ ಎಂದರೇನು ಎಂದು ಇಲ್ಲಿ ಹೇಳಬೇಕು. ಗಿಟಾರಿನ ವೈರು ನೇರವಾಗಿ ಸ್ಪೀಕರಿಗೆ ಹೋಗುವ ಬದಲು ನಡುವೆ ಈ ಡಬ್ಬಿಯೊಳಗೆ ಹಾದು ಹೋಗುತ್ತದೆ. ಡಬ್ಬಿ ಆ ಸದ್ದಿನದೇ ಒಂದು ನಕಲು ಮಾಡಿ, ನಕಲನ್ನು ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ತಡಮಾಡಿ, ಅದರ ಶ್ರುತಿಯನ್ನು ತುಸುವೇ ಅಲುಗಾಡಿಸಿ, ಮೂಲದ ಜೊತೆ ಬೆರೆಸುತ್ತದೆ. ತಿಂಥಣಿಯ ಮೌನೇಶ್ವರ ಗುಡಿಯಲ್ಲಿ ಮೂವತ್ತು ಜನ ಸೇರಿ ಒಂದೇ ಭಜನೆ ಹಾಡುವಾಗ ಯಾರ ದನಿಯೂ ಇನ್ನೊಬ್ಬರ ದನಿಯ ಮೇಲೆ ಸರಿಯಾಗಿ ಕೂರುವುದಿಲ್ಲ. ಆ ಸಣ್ಣ ವ್ಯತ್ಯಾಸದಿಂದಲೇ ಗುಡಿ ತುಂಬುತ್ತದೆ. ಪೆಡಲ್ ಮಾಡುವುದೂ ಅದನ್ನೇ. ‘ರೇಟ್’ ಎಂಬ ಗುಂಡಿ ಅಲುಗಾಟ ಎಷ್ಟು ಬೇಗ ಎಂಬುದನ್ನು, ‘ಡೆಪ್ತ್’ ಎಷ್ಟು ಆಳ ಎಂಬುದನ್ನು, ‘ಲೆವೆಲ್’ ನಕಲು ಎಷ್ಟು ಬೆರೆಯಬೇಕು ಎಂಬುದನ್ನು ತೀರ್ಮಾನಿಸುತ್ತದೆ.

ಮೊದಲನೆಯ ಪೆಡಲನ್ನು ಯಾದಗಿರಿಯ ಚರ್ಚಿನಲ್ಲಿ ಗಿಟಾರ್ ಬಾರಿಸುವ ಪರಿಚಯದವರೊಬ್ಬರಿಂದ ಎರವಲು ತಂದೆ. ಹಳೆಯ ಅನಲಾಗ್ ಡಬ್ಬಿ, ಸದ್ದು ಬೆಚ್ಚಗಿತ್ತು. ಆದರೆ ನಾನು ಮೂರೂ ಗುಂಡಿಗಳನ್ನು ಪೂರ್ತಿ ತಿರುಗಿಸಿ ಬಾರಿಸಿದೆ. ಒಳಗಿನಿಂದ ನನ್ನ ಹೆಂಡತಿ ನೀಲಮ್ಮ ಕೂಗಿದಳು: "ಏನ್ರಿ ಅದು, ಹಳೇ ಕ್ಯಾಸೆಟ್ ಸುತ್ತಿಕೊಂಡಂಗ ಒದರಾಕತ್ತದ!" ಹನುಮಂತನ ಕೆಂಪು ಗೆರೆಗಳು ಅರ್ಧಕ್ಕಿಂತ ಕೆಳಗಿದ್ದವು ಎಂಬುದು ನೆನಪಿತ್ತು. ಆದರೆ ಅವನು ಅರ್ಧ ಇಟ್ಟರೆ ನಾನು ಪೂರ್ತಿ ಇಡಬೇಕಲ್ಲ. ಪೆಡಲ್ ಸರಿಯಿಲ್ಲ ಎಂದು ವಾಪಸು ಕೊಟ್ಟೆ.

ಎರಡನೆಯದನ್ನು ಮೊಬೈಲಿನಲ್ಲಿ ನೋಡಿ ತರಿಸಿದೆ. ಡಿಜಿಟಲ್, ಹನ್ನೊಂದು ಬಗೆಯ ಕೋರಸ್. ಹನುಮಂತನದು ಒಂದೇ ಬಗೆ, ನನ್ನದು ಹನ್ನೊಂದು ಎಂಬ ಲೆಕ್ಕ. ಅದು ಬಾರಿಸದೆ ಇದ್ದಾಗಲೂ ‘ಸ್ಸ್’ ಎನ್ನುತ್ತಿತ್ತು. ಅದನ್ನು ಇವತ್ತಿಗೂ ಮನೆಯ ಕಪಾಟಿನಲ್ಲಿ ಇಟ್ಟುಕೊಂಡಿದ್ದೇನೆ, ಕೊಳ್ಳುವವರು ಯಾರಾದರೂ ಇದ್ದರೆ ತಿಳಿಸಿ.

ಮೂರನೆಯದಕ್ಕಾಗಿ ಗಿಟಾರನ್ನು ಹೆಗಲಿಗೆ ಹಾಕಿಕೊಂಡು ಯಾದಗಿರಿಯಿಂದ ರೈಲು ಹತ್ತಿ ಹೈದರಾಬಾದಿಗೆ ಹೋದೆ. ಅಂಗಡಿಯವರು ವಯಸ್ಸಾದ, ಶಾಂತ ಸ್ವಭಾವದ ಮನುಷ್ಯ. ವೈರು ಸಿಕ್ಕಿಸುವ ಮೊದಲು ಸದ್ದು ತಗ್ಗಿಸಲು ನನ್ನ ಗಿಟಾರಿನ ವಾಲ್ಯೂಮ್ ಗುಂಡಿಗೆ ಕೈಹಾಕಿದರು. ಅದು ಅಲುಗಲಿಲ್ಲ. "ಉಸ್ತಾದ್, ಯೇ ತೋ ಜಾಮ್ ಹೋಗಯಾ!" ಎಂದರು. ಅದು ಯಾವಾಗಲೂ ಹತ್ತರಲ್ಲೇ, ಅಂದರೆ ಪೂರ್ತಿ ಜೋರಿನಲ್ಲೇ ಇರುತ್ತದೆ, ತಿರುಗಿಸುವ ಪ್ರಸಂಗ ಬಂದಿಲ್ಲ ಎಂದು ನಾನು ಎದೆಯುಬ್ಬಿಸಿ ಹೇಳಿದೆ. ಅವರು ನನ್ನ ಮುಖ ನೋಡಿ, ಪೆಡಲುಗಳನ್ನು ತಂದು ಮುಂದಿಟ್ಟರು.

ಅಲ್ಲಿ ನಾನು ಆರಿಸಿದ್ದು ಸ್ಟೀರಿಯೋ ಕೋರಸ್. ಅದಕ್ಕೆ ಎರಡು ಔಟ್‌ಪುಟ್, ಅಂದರೆ ಸದ್ದು ಹೊರಬರಲು ಎರಡು ಬಾಯಿ. ಅಂಗಡಿಯವರು ಎಡಕ್ಕೊಂದು ಬಲಕ್ಕೊಂದು ಸ್ಪೀಕರ್ ಇಟ್ಟು ನನ್ನನ್ನು ನಡುವೆ ಕೂರಿಸಿದರು. ಒಂದು ಕಾರ್ಡ್, ಅಂದರೆ ನಾಲ್ಕಾರು ತಂತಿಗಳ ಸ್ವರಗುಚ್ಛ, ಹಿಡಿದೆ. ಸದ್ದು ಎರಡೂ ಕಡೆಯಿಂದ ಬಂದು ಮೈಯನ್ನು ಸುತ್ತಿಕೊಂಡಿತು. ಕಣ್ಣಲ್ಲಿ ನೀರು ಬಂತು. ಸಂಗೀತಕ್ಕೆ ಬಂತು ಎಂದು ಬರೆಯಬಹುದು, ಆದರೆ ಸುಳ್ಳಾಗುತ್ತದೆ. ಹನುಮಂತನ ನೀಲಿ ಡಬ್ಬಿಗೆ ಒಂದೇ ಬಾಯಿ ಎಂಬುದು ನೆನಪಾಗಿ ಆ ಖುಷಿಗೆ ಬಂದಿತ್ತು.

ಆ ತಿಂಗಳ ಕೊನೆಗೆ ಸುರಪುರದಲ್ಲಿ ಒಂದು ಮದುವೆ. ಹೆಣ್ಣಿನ ಕಡೆಯವರು ಶಹಾಪುರದವರು, ನಮ್ಮನ್ನು ಕರೆಸಿದರು. ಗಂಡಿನ ಕಡೆಯವರು ಅದೇ ಊರವರು, ಹನುಮಂತನನ್ನು ಕರೆಸಿದರು. ಬೀಗರು ಇಬ್ಬರೂ ಜಿದ್ದಿಗೆ ಬಿದ್ದು ಯಾರೂ ಬಿಟ್ಟುಕೊಡದೆ, ಒಂದೇ ವೇದಿಕೆಯಲ್ಲಿ ಒಂದೊಂದು ತಾಸು ಹಂಚಿಕೊಂಡರು. ಮೊದಲು ಅವರು, ಆಮೇಲೆ ನಾವು. ಸೌಂಡ್ ಸಿಸ್ಟಮ್ ಇಬ್ಬರಿಗೂ, ನಮಗೆ ವರ್ಷಗಳಿಂದ ಸೌಂಡ್ ಹಾಕುತ್ತಿದ್ದ ಖಾಜಾಭಾಯಿಯದೇ. ಇದಕ್ಕಿಂತ ಒಳ್ಳೆಯ ಅವಕಾಶ ನನಗೆ ಬೇಕಿರಲಿಲ್ಲ. ಶಾಂತಾಬಾಯಿ ಒಂದೇ ಸಂಜೆ ಎರಡೂ ಗಿಟಾರ್ ಕೇಳಲಿ, ಆಮೇಲೆ ಹೇಳಲಿ ಎಂದುಕೊಂಡೆ.

ನಮ್ಮ ಕಡೆಯ ಸಿಸ್ಟಮ್‌ನವರಲ್ಲಿ ಒಂದು ರೂಢಿ ಇದೆ. ಮಿಕ್ಸರ್, ಅಂದರೆ ಎಲ್ಲ ವಾದ್ಯಗಳ ಸದ್ದು ಬಂದು ಕೂಡುವ ಯಂತ್ರ, ಅದರಿಂದ ವೇದಿಕೆಗೆ ಒಬ್ಬರಿಗೆ ಒಂದೇ ಲೈನ್ ಎಳೆಯುತ್ತಾರೆ. ಎರಡು ಕೇಳಿದರೆ ಖಾಜಾಭಾಯಿಯ ಉತ್ತರ ಸಿದ್ಧವಿರುತ್ತಿತ್ತು: "ಮಾಸ್ತರ್, ನಿಮಗ ಎರಡು ಕೊಟ್ರ ತಬಲಾದಾಂವ ನಾಲ್ಕು ಕೇಳ್ತಾನ." ಹಾಗಾಗಿ ನಾನು ಮದುವೆಯ ಹಿಂದಿನ ದಿನ ನನ್ನ ಕೈಯಾರೆ ಬೆಸುಗೆ ಹಾಕಿ ಒಂದು ಕೇಬಲ್ ಮಾಡಿಕೊಂಡೆ. ಪೆಡಲಿನ ಎರಡು ಬಾಯಿಗೂ ಎರಡು ಪಿನ್ನು, ಎರಡೂ ಕೂಡಿ ಮುಂದೆ ಒಂದೇ ಪಿನ್ನು. ಎರಡು ಬಾಯಿಯ ಸದ್ದೂ ಒಂದೇ ಲೈನಿನಲ್ಲಿ ಹೋದರೆ ಎರಡರಷ್ಟು ಕೋರಸ್ ಎಂದು ನನ್ನ ತರ್ಕ. ವೇದಿಕೆಯ ಮೇಲೆ ಅದನ್ನು ಪರೀಕ್ಷಿಸಲೂ ಇಲ್ಲ. ಮಧ್ಯಾಹ್ನ ಖಾಜಾಭಾಯಿ ಎಲ್ಲರನ್ನೂ ಒಬ್ಬೊಬ್ಬರಾಗಿ ಬಾರಿಸಿ ನೋಡಿ ಎಂದಾಗ, ಹನುಮಂತ ಅಲ್ಲೇ ನಿಂತಿದ್ದನೆಂದು ನಾನು ಪೆಡಲ್ ಒತ್ತದೆ ಒಣ ಗಿಟಾರನ್ನೇ ಬಾರಿಸಿದೆ. ಗುಟ್ಟು ಸಮಯಕ್ಕೆ ಸರಿಯಾಗಿ ಹೊರಬೀಳಬೇಕಿತ್ತು.

ಅವರ ತಾಸು ಮುಗಿಯಿತು. ನಾನು ಕೈ ತೊಳೆದುಕೊಂಡು ಬರುವಾಗ ಹನುಮಂತ ನನ್ನ ಪೆಡಲಿನ ಬಳಿ ಕುಕ್ಕರಗಾಲಲ್ಲಿ ಕುಳಿತಿದ್ದ. ನನ್ನನ್ನು ಕಂಡು ಎದ್ದು, ನಕ್ಕು, ಇಳಿದು ಹೋದ. ನನಗೆ ಮನಸ್ಸಿನಲ್ಲೇನೋ ಚುಚ್ಚಿತು.

ಶಾಂತಾಬಾಯಿ ಒಂದು ಹಳೆಯ, ನಿಧಾನದ ಚಿತ್ರಗೀತೆ ಎತ್ತಿಕೊಂಡರು. ಪಲ್ಲವಿಗೆ ಮುಂಚೆ ಗಿಟಾರಿನದೇ ನಾಲ್ಕು ಆವರ್ತ. ನಾನು ಕಾಲಿನಿಂದ ಪೆಡಲ್ ಒತ್ತಿದೆ. ಕೆಂಪು ದೀಪ ಹೊತ್ತಿಕೊಂಡಿತು. ಸದ್ದು ಮಾತ್ರ ಹಾಗೇ ಒಣಗಿತ್ತು. ಮತ್ತೆ ಒತ್ತಿದೆ, ದೀಪ ಆರಿತು, ಸದ್ದು ಅದೇ. ಡೆಪ್ತ್ ಪೂರ್ತಿ ತಿರುಗಿಸಿದೆ. ಏನೂ ಇಲ್ಲ. ಬೆವರು ಕಣ್ಣಿಗೆ ಇಳಿಯಿತು. ಶಾಂತಾಬಾಯಿ ಪಲ್ಲವಿ ಎತ್ತಲಾರದೆ ನನ್ನತ್ತ ತಿರುಗಿ ನೋಡಿದರು. ವೇದಿಕೆಯ ಕೆಳಗೆ ಹನುಮಂತ ಕೈಕಟ್ಟಿ ನಿಂತಿದ್ದ. ನಾನು ಬಾರಿಸುವುದನ್ನು ನಿಲ್ಲಿಸಿಬಿಟ್ಟೆ.

"ಏ ಹನುಮಂತಾ! ನನ್ನ ಪೆಡಲಿಗೆ ಏನ್ ಮಾಡಿದಿ? ನಾ ಇಲ್ಲದಾಗ ಬಂದು ಏನ್ ಕಿತ್ತಿದಿ ಹೇಳು!"

ನನ್ನ ಮುಂದಿನ ಮೈಕ್ ಚಾಲೂ ಇತ್ತು. ಆ ಮಾತು ಇಡೀ ಕಲ್ಯಾಣ ಮಂಟಪಕ್ಕೆ, ಊಟದ ಮನೆಗೆ, ಹೊರಗಿನ ರಸ್ತೆಗೂ ಕೇಳಿಸಿತು. ತಾಟು ಹಿಡಿದವರು ಹಿಡಿದಂತೆಯೇ ನಿಂತರು. ಗಂಡಿನ ಕಡೆಯ ಹಿರಿಯರೊಬ್ಬರು "ಯಾರಿಗ ಅನ್ನಾಕತ್ತಾನ ಅಂವ?" ಎಂದು ಎದ್ದರು. ಹೆಣ್ಣಿನ ಅಪ್ಪನ ಮುಖ ಸಣ್ಣದಾಯಿತು. ಮದುಮಗಳು ನನ್ನನ್ನೇ ನೋಡುತ್ತಿದ್ದಳು.

ಹನುಮಂತ ಹಿರಿಯರಿಗೆ ಕೈಸನ್ನೆ ಮಾಡಿ ಕೂರಿಸಿ, ವೇದಿಕೆ ಹತ್ತಿ ಬಂದ. ಮೊದಲು ನನ್ನ ಮೈಕ್ ಬಂದ್ ಮಾಡಿದ. ಆಮೇಲೆ ಪೆಡಲಿನ ಬಳಿ ಕುಳಿತು ಕೇಬಲನ್ನು ಬೆರಳಿನಿಂದ ಹಿಂಬಾಲಿಸುತ್ತ ಹೋದ.

"ಅಣ್ಣಾರ, ಎರಡೂ ಬಾಯಿ ಒಂದ ಲೈನಿಗೆ ಕೂಡಿಸೀರಲ್ರಿ. ಒಂದು ತಗೀರಿ."

ನಾನು ಅಲುಗಲಿಲ್ಲ. ಅವನೇ ಎರಡನೆಯ ಪಿನ್ನು ಎಳೆದ. "ಈಗ ಬಾರಸ್ರಿ" ಎಂದ. ಬಾರಿಸಿದೆ. ಮೂರು ತಿಂಗಳಿಂದ ನಾನು ಹುಡುಕುತ್ತಿದ್ದ ಸದ್ದು ಖಾಜಾಭಾಯಿಯ ಅಷ್ಟೂ ಸ್ಪೀಕರುಗಳಿಂದ ತುಂಬಿ ಬಂತು. ಹನುಮಂತ ತಗ್ಗಿದ ದನಿಯಲ್ಲಿ "ನನಗೂ ಮೊದಲ ಹಿಂಗ ಆಗಿತ್ರಿ" ಎಂದು ಹೇಳಿ ಇಳಿದು ಹೋದ. ಅವನಿಗೆ ಹಾಗೆ ಆಗಿತ್ತೋ, ನನ್ನ ಮಾನ ಕಾಯಲು ಅಂದನೋ ಗೊತ್ತಿಲ್ಲ. ಎರಡನೆಯದೇ ಇರಬೇಕು ಎನಿಸಿ ಇನ್ನಷ್ಟು ಉರಿಯಿತು.

ನಡೆದದ್ದು ಇಷ್ಟು. ಕೆಲವು ಸ್ಟೀರಿಯೋ ಪೆಡಲುಗಳಲ್ಲಿ ಒಂದು ಬಾಯಿಯಿಂದ ಬರುವ ನಕಲು ಸದ್ದು ಇನ್ನೊಂದು ಬಾಯಿಯದಕ್ಕೆ ಉಲ್ಟಾ ಇರುತ್ತದೆ. ಎರಡು ಸ್ಪೀಕರಿನಲ್ಲಿ ಬೇರೆ ಬೇರೆಯಾಗಿ ಬಂದರೆ ಅದೇ ಮೈಯನ್ನು ಸುತ್ತಿಕೊಳ್ಳುತ್ತದೆ. ಒಂದೇ ವೈರಿನಲ್ಲಿ ಕೂಡಿಸಿದರೆ ಎರಡು ನಕಲುಗಳೂ ಒಂದನ್ನೊಂದು ಹೊಡೆದುಹಾಕಿ, ಮೂಲ ಗಿಟಾರ್ ಮಾತ್ರ ಉಳಿಯುತ್ತದೆ. ಹೈದರಾಬಾದಿನಲ್ಲಿ ನಾನು ಕೇಳಿದ್ದು ಸುಳ್ಳಾಗಿರಲಿಲ್ಲ. ಸುರಪುರದಲ್ಲಿ ಅದನ್ನು ಕೊಂದದ್ದು ನನ್ನದೇ ಬೆಸುಗೆ.

ಶಾಂತಾಬಾಯಿ ಹಾಡನ್ನು ಮತ್ತೆ ಎತ್ತಿಕೊಂಡರು. ನನಗೆ ವೇದಿಕೆಯೊಳಗೆ ಹುದುಗಿ ಹೋಗಬೇಕು ಅನಿಸುತ್ತಿತ್ತು. ಯಾರ ಕಿವಿಗೂ ಬೀಳದಂತೆ ಬಾರಿಸಿ ತಾಸು ಮುಗಿಸಿದರೆ ಸಾಕಿತ್ತು. ಗಿಟಾರಿನ ವಾಲ್ಯೂಮ್ ಗುಂಡಿಯನ್ನು ಬೆರಳಿನಿಂದ ಅಮುಕಿ ಹಿಡಿದು ತಿರುಗಿಸಿದೆ. ವರ್ಷಗಟ್ಟಲೆ ಕೂತ ಧೂಳು ದೊಡ್ಡ ಸ್ಪೀಕರಿನಲ್ಲಿ ‘ಕರಕರ’ ಎಂದು ಕಿರುಚಿತು. ಖಾಜಾಭಾಯಿ ಬೆಚ್ಚಿ ತಲೆ ಎತ್ತಿದ. ಗುಂಡಿ ಹತ್ತರಿಂದ ನಾಲ್ಕಕ್ಕೆ ಬಂತು. ಪೆಡಲಿನ ಗುಂಡಿಗಳನ್ನೂ ಅರ್ಧಕ್ಕಿಂತ ಕೆಳಗೆ ಇಳಿಸಿದೆ. ಬರೀ ಕಾರ್ಡ್ ಹಿಡಿದೆ. ಚರಣಗಳ ನಡುವೆ ನಾನು ಯಾವಾಗಲೂ ಬೆರಳು ಓಡಿಸುವ ಜಾಗದಲ್ಲಿ ನಾಲ್ಕೇ ಸ್ವರ ಬಾರಿಸಿ ಸುಮ್ಮನಾದೆ. ಎರಡನೆಯ ಚರಣದಲ್ಲಿ ಮೇಲಿನ ಸ್ವರ ಬರುತ್ತದೆ. ಶಾಂತಾಬಾಯಿ ಅಲ್ಲಿ ಎಂದಿನಂತೆ ಜೋರು ಮಾಡದೆ ಮೆತ್ತಗೆ ಹತ್ತಿದರು, ಒಂದಿಷ್ಟೂ ನಡುಗದೆ ನಿಂತರು. ಊಟದ ಮನೆಯಿಂದ ಜನ ಕೈ ತೊಳೆಯದೆ ಬಂದು ಬಾಗಿಲಲ್ಲಿ ನಿಂತು ಕೇಳಿದರು.

ಕಾರ್ಯಕ್ರಮ ಮುಗಿದ ಮೇಲೆ ಅವರು ನನ್ನ ಬಳಿ ಬಂದರು. ಮೈಕಿನಲ್ಲಿ ಆಡಿದ ಮಾತಿಗೆ ಬೈಯುತ್ತಾರೆ ಎಂದುಕೊಂಡಿದ್ದೆ.

"ಮಾಸ್ತರ್ರ, ಇವತ್ತ ನನ್ನ ದನಿ ನನಗ ಕೇಳಿಸ್ತು ನೋಡ್ರಿ."

"ಹಂಗಾದ್ರ ಇಷ್ಟು ವರ್ಷ?"

"ಇಷ್ಟು ವರ್ಷ ನಿಮ್ಮ ಗಿಟಾರ್ ಕೇಳ್ತಿತ್ರಿ."

"ಹೇಳಬೇಕಿತ್ತಲ್ಲ ಶಾಂತವ್ವಾ!"

"ಎಷ್ಟು ಸಲ ಹೇಳೇನ್ರಿ. ನಾ ಹೇಳಿದಾಗೊಮ್ಮೆ ನೀವು ಖಾಜಾಭಾಯಿಗೆ ನನ್ನ ಮೈಕ್ ಜಾಸ್ತಿ ಮಾಡು ಅಂತಿದ್ರಿ."

ಅದು ನಿಜ. ಹಾಗೆ ಜಾಸ್ತಿ ಮಾಡಿದಾಗಲೆಲ್ಲ ಮೈಕ್ ಸೀಟಿ ಹೊಡೆಯುತ್ತಿತ್ತು, ನಾನು ಖಾಜಾಭಾಯಿಯನ್ನು ಬೈಯುತ್ತಿದ್ದೆ. ಹದಿನಾಲ್ಕು ವರ್ಷ ಆ ಹೆಣ್ಣುಮಗಳು ನನ್ನ ಗಿಟಾರಿನ ಮೇಲೆ ದನಿ ಏರಿಸಿ ಏರಿಸಿ ಗಂಟಲು ಸವೆಸಿಕೊಂಡಿದ್ದರು. ಹನುಮಂತನ ಪೆಡಲಿನಲ್ಲಿ ಅವರಿಗೆ ಸಿಕ್ಕಿದ್ದು ಹಾಡಲು ಜಾಗ. ನಾನು ಡಬ್ಬಿಯ ಬಣ್ಣ ನೋಡಿಕೊಂಡು ಬಂದಿದ್ದೆ.

"ಇನ್ನ ಮ್ಯಾಲ ಹಿಂಗ ಬಾರಸ್ತೇನಿ. ಹೋಗಬ್ಯಾಡ" ಎಂದೆ. ಹೆಂಡತಿಯ ಮುಂದೆಯೂ ನಾನು ಅಷ್ಟು ಮೆತ್ತಗೆ ಮಾತಾಡಿದವನಲ್ಲ.

"ಹನುಮಂತಗ ಮಾತು ಕೊಟ್ಟೇನ್ರಿ ಮಾಸ್ತರ್ರ" ಎಂದರು. ಅವರ ಕಣ್ಣು ತುಂಬಿತ್ತು.

ಸಾಮಾನು ಕಟ್ಟುವಾಗ ಪೆಡಲಿನ ಕರೆಂಟ್ ವೈರು ನೆಲದಿಂದ ಏಳಲಿಲ್ಲ. ಯಾರೂ ಎಡವಿ ಕೀಳದಂತೆ ಅದರ ಮೇಲೆ ಎರಡು ತುಂಡು ಕರಿ ಟೇಪು ಅಡ್ಡಡ್ಡ ಅಂಟಿಸಿದ್ದರು. ನಮ್ಮ ಪಾರ್ಟಿಯಲ್ಲಿ ಕರಿ ಟೇಪು ಇಟ್ಟುಕೊಂಡವರು ಯಾರೂ ಇರಲಿಲ್ಲ. ಹನುಮಂತ ಕುಕ್ಕರಗಾಲಲ್ಲಿ ಕುಳಿತು ಮಾಡಿದ ಕೆಲಸ ಅದು. ಎಂಟು ದಿನ ಬಿಟ್ಟು ಫೋನ್ ಮಾಡಿ ತಪ್ಪಾಯಿತು ಎಂದೆ. "ಅದೇನ್ ಬಿಡ್ರಿ ಅಣ್ಣಾರ. ನೀವು ಬೆರಳು ಅಷ್ಟು ಫಾಸ್ಟ್ ಹೆಂಗ ಓಡಸ್ತೀರಿ, ಅದನ್ನಷ್ಟು ಹೇಳಿಕೊಡ್ರಿ" ಎಂದ. ಹೇಳಿಕೊಟ್ಟೆ. ಪೂರ್ತಿ ಹೇಳಿಕೊಟ್ಟೆನೇ ಎಂದು ಕೇಳಬೇಡಿ.

ಶಾಂತಾಬಾಯಿ ಸೀಸನ್ ಮುಗಿದ ಮೇಲೆ ಸುರಪುರಕ್ಕೆ ಹೋದರು. ನಮ್ಮ ಆರ್ಕೆಸ್ಟ್ರಾ ಮುಚ್ಚಲಿಲ್ಲ, ಚಿಕ್ಕದಾಯಿತು. ಶಹಾಪುರದ ಕಾರ್ಯಕ್ರಮಗಳಿಗೆ ಕರೆದರೆ ಅವರು ಈಗಲೂ ಬಂದು ಹಾಡುತ್ತಾರೆ. ಅವರು ಹಾಡುವಾಗ ಪೆಡಲ್ ಒತ್ತುತ್ತೇನೆ, ನನ್ನ ಸರದಿ ಬಂದಾಗ ಬಂದ್ ಮಾಡುತ್ತೇನೆ. ಅಷ್ಟು ಕಲಿಯಲು ನನಗೆ ಇಪ್ಪತ್ತಾರು ವರ್ಷ ಮತ್ತು ಒಂದು ಮದುವೆ ಮನೆಯ ಅವಮಾನ ಬೇಕಾಯಿತು.

ಕೋರಸ್ ಪೆಡಲ್ ಯಾವುದು ಒಳ್ಳೆಯದು ಎಂದು ಕೇಳಿಕೊಂಡು ಈಗ ಸುತ್ತಲಿನ ವಾದಕರು ನನ್ನಲ್ಲಿಗೆ ಬರುತ್ತಾರೆ. ಅಂಗಡಿಯಲ್ಲಿ ಕೇಳಿ ಮರುಳಾಗಬೇಡಿ, ನೀವು ಬಾರಿಸುವ ಸಿಸ್ಟಮ್‌ಗೇ ಹಾಕಿ ನೋಡಿ ಎನ್ನುತ್ತೇನೆ. ಲೈನ್ ಒಂದೇ ಇದ್ದರೆ ಬಾಯಿಯೂ ಒಂದೇ ಸಾಕು ಎನ್ನುತ್ತೇನೆ. ಕೊನೆಗೆ ಅವರ ಗಿಟಾರ್ ತೆಗೆದುಕೊಂಡು ವಾಲ್ಯೂಮ್ ಗುಂಡಿ ತಿರುಗಿಸಿ ನೋಡುತ್ತೇನೆ. ‘ಕರಕರ’ ಎಂದರೆ ಪೆಡಲ್ ಆಮೇಲೆ ತಗೊಳ್ಳಿ, ಮೊದಲು ಇದನ್ನು ತಿರುಗಿಸುವುದು ರೂಢಿ ಮಾಡಿಕೊಳ್ಳಿ ಎಂದು ಕಳಿಸುತ್ತೇನೆ.

ಕಳೆದ ವರ್ಷ ಹನುಮಂತ ಮನೆಗೆ ಬಂದಾಗ, ಅವನು ಚಹಾ ಕುಡಿಯುತ್ತಿರುವಾಗ, ಸುಮ್ಮನೆ ಅವನ ಗಿಟಾರಿನ ಗುಂಡಿಗೂ ಕೈಹಾಕಿ ತಿರುಗಿಸಿದೆ. ಬೆಣ್ಣೆಯಲ್ಲಿ ಬೆರಳಾಡಿಸಿದ ಹಾಗೆ ತಿರುಗಿತು, ಒಂದಿಷ್ಟೂ ಸದ್ದಿಲ್ಲ. ನನಗೆ ಹೊಟ್ಟೆ ಉರಿಯಿತು.